ಮಾವ ಒಮ್ಮೆಯೂ ಹತ್ತದ ಕುದುರೆ

ಅಣ್ಣಿಗೇರಿಯಲ್ಲಿ ಬಸ್ಸಿಳಿದು ಆಟೋದವನಿಗೆ ಊರ ಹೆಸರು ಹೇಳಿದರೆ ಸಾಕು, "ಕುದುರಿ ಮಾಸ್ತರ ಮನಿಗೇನ್ರಿ?" ಅನ್ನುತ್ತಾನೆ. ನಮ್ಮ ಸೋದರಮಾವ ಕನ್ನಡ ಸಾಲಿಯಲ್ಲಿ 36 ವರ್ಷ ಗಣಿತ ಕಲಿಸಿದವರು. ಅಷ್ಟೂ ವರ್ಷ ಲೆಕ್ಕದ ಮಾಸ್ತರ ಆಗಿದ್ದವರು, ರಿಟೈರ್ ಆದ ಎರಡೇ ವರ್ಷಕ್ಕೆ ಕುದುರಿ ಮಾಸ್ತರ ಆಗಿಬಿಟ್ಟರು. ಆಟೋ ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಅದು ಬಂದೇ ಬರುತ್ತದೆ ಅಂತ ನನಗೂ ಗೊತ್ತು. "ಅಲ್ರಿ, ಒಂದ್ ದಿನಾನೂ ಹತ್ತಿದ್ದು ನೋಡಿಲ್ಲ. ಮತ್ಯಾಕ ಸಾಕ್ಯಾರ?"

ಬಹಳ ದಿನ ನಾನು ಸುಮ್ನೆ ನಕ್ಕು ಕೂತಿರುತ್ತಿದ್ದೆ. ನನಗೂ ಉತ್ತರ ಗೊತ್ತಿರಲಿಲ್ಲ.

ನಮ್ಮ ಎರೆ ಸೀಮೆಯಲ್ಲಿ ಹಟ್ಟಿಯಲ್ಲಿರುವ ಪ್ರತಿ ಪ್ರಾಣಿಗೂ ಒಂದು ಲೆಕ್ಕ ಇದೆ. ಎತ್ತು ಕುಂಟೆ ಎಳೆಯುತ್ತದೆ. ಎಮ್ಮೆ ಹಾಲು ಕೊಡುತ್ತದೆ. ಕೋಳಿ, ಕುರಿ, ನಾಯಿ, ಎಲ್ಲವೂ ತಿಂದದ್ದಕ್ಕೆ ಏನಾದರೂ ತೀರಿಸುತ್ತವೆ. ಕುದುರೆಯ ಲೆಕ್ಕ ಅಂದರೆ ಹತ್ತುವುದು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ರಾಣಿ ಕುದುರೆ ಮೇಲಿದ್ದಾಳೆ. ಹೊಲದ ಬದುವಿನಲ್ಲಿ, ಗುಡಿಯ ಮುಂದೆ ನಿಂತಿರುವ ಹಳೇ ವೀರಗಲ್ಲುಗಳಲ್ಲಿ ವೀರ ಕುದುರೆ ಮೇಲಿದ್ದಾನೆ. ರಾಣೆಬೆನ್ನೂರು ಕಡೆಯ ದೇವರಗುಡ್ಡದ ಮಾಲತೇಶನೂ ಕುದುರೆ ಏರಿದ ದೇವರೇ. ನಾವು ಕುದುರೆ ನೋಡಿದ್ದೇ ಮೇಲೊಬ್ಬರು ಕೂತಿದ್ದಾಗ. ಬೆನ್ನು ಖಾಲಿ ಇರುವ ಕುದುರೆ ಕಂಡರೆ ಏನೋ ಅರ್ಧ ಆದಂಗೆ ಅನ್ನಿಸುತ್ತದೆ.

ಮಾವ ಈ ಕುದುರೆಯನ್ನು ಹುಡುಕಿಕೊಂಡು ಹೋಗಿ ತಂದವರೂ ಅಲ್ಲ. 2017ರ ಬೇಸಿಗೆಯಲ್ಲಿ, ಕಡಲೆ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಲು ಬೆಳಗಾವಿ ಕಡೆಯ ಕುರುಬರು ಬಂದಿದ್ದರು. ಆ ಕುರಿ ಹಿಂಡು ನಡೆಯುವುದನ್ನು ನೀವು ಗದಗ ರೋಡಿನಲ್ಲಿ ನೋಡಿರುತ್ತೀರಿ. ಮುಂದೆ ಕುರಿ, ಪಕ್ಕಕ್ಕೆ ನಾಯಿ, ಹಿಂದೆ ನಾಲ್ಕೈದು ತಟ್ಟುಗಳು. ಅವುಗಳ ಬೆನ್ನ ಮೇಲೆ ಕಂಬಳಿ, ಬೋಗಾಣಿ, ಗೂಟ, ಬಲೆ, ಚೀಲದಿಂದ ತಲೆ ಹೊರಹಾಕಿದ ಮೊನ್ನೆ ಹುಟ್ಟಿದ ಕುರಿಮರಿ, ಎಲ್ಲಕ್ಕಿಂತ ಮೇಲೆ ಕಾಲು ಕಟ್ಟಿಸಿಕೊಂಡು ಕೂತ ಎರಡು ಕೋಳಿ. ಲಗಾಮು ಹಿಡಿದು ನಡೆಯುವವರು ಹೆಚ್ಚಾಗಿ ಹೆಂಗಸರೇ. ಒಂದು ಇಡೀ ಮನೆ ಕುದುರೆ ಮೇಲೆ ಹೋಗುತ್ತದೆ, ಮನೆಯವರು ಕೆಳಗೆ ನಡೆಯುತ್ತಾರೆ. ಕುದುರೆ ಸಾಕಿ ಅದನ್ನು ಹತ್ತದೇ ಇರುವ ಜನ ನಮ್ಮ ಕಣ್ಮುಂದೆಯೇ ಹೀಗೆ ವರ್ಷಾ ಓಡಾಡುತ್ತಿದ್ದರು. ಅವರನ್ನು ಮಾತ್ರ ಯಾರೂ ಯಾಕೆ ಅಂತ ಕೇಳಿರಲಿಲ್ಲ.

ಆ ಹಿಂಡಿನಲ್ಲಿ ಒಂದು ಕೆಂಚು ಹೆಣ್ಣು ಕುದುರೆ ಕುಂಟುತ್ತಿತ್ತು. ಬಲ ಮುಂಗಾಲಿನ ಗೊರಸು ಮೇಲಿನ ಅಂಚಿನಿಂದಲೇ ಸೀಳಿತ್ತು. ಹೊರೆ ಹೊರಲು ಆಗುತ್ತಿರಲಿಲ್ಲ. ನಿಂತರೆ ಹಿಂಡು ನಿಲ್ಲಬೇಕು, ಹಿಂಡು ನಿಂತರೆ ಮೇವಿಲ್ಲ. ಹಿರಿಯ ಕುರುಬರ ಹೆಣ್ಣುಮಗಳೊಬ್ಬಳು ಮಾವನ ಹತ್ತಿರ ಬಂದು, "ಯಪ್ಪಾ, ನಿಮ್ಮ ಹೊಲದಾಗ ನೆಳ್ಳು ಐತಿ, ನೀರು ಐತಿ. ಇಕಿನ್ನ ಇಟಗೊಳ್ರಿ" ಅಂದಳಂತೆ. ರೊಕ್ಕದ ಮಾತು ಆಮೇಲೆ ಬಂತು, ಅದೂ ಜಾಸ್ತಿ ಏನಲ್ಲ. ಹೆಸರು ಕೆಂಪಿ ಅಂತ ಅವರೇ ಇಟ್ಟಿದ್ದು.

ಮೊದಲ ವಾರ ನಾನೂ ಕೇಳಿದೆ. "ಮಾವಾ, ಕಾಲು ಸರಿ ಆದ ಮ್ಯಾಲೆ ಹತ್ತತೀರಿ?" ಮಾವ ಗೋಡೆ ಮೇಲೆ ಇದ್ದಿಲಿನಿಂದ ಲೆಕ್ಕ ಮಾಡಿ ತೋರಿಸಿದರು. ಕುದುರೆ ತನ್ನ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಬಾರದು ಅಂತ ಒಂದು ಲೆಕ್ಕ ಇದೆ. ಕೆಂಪಿ ತಟ್ಟು ಜಾತಿಯವಳು, ಅಂದಾಜು 250 ಕಿಲೋ. ಐದರಿಂದ ಭಾಗಿಸಿದರೆ 50. ಮಾವ 86. "ಶೇಷ ಎಷ್ಟ ಉಳೀತು ನೋಡು ಅಳಿಯಾ. ಮೂವತ್ತಾರು ಕಿಲೋ ಮಾವನ್ನ ಎಲ್ಲಿಡೋದು?" ಅಲ್ಲಿಗೆ ಹತ್ತುವ ವಿಷಯ ಮುಗಿಯಿತು.

ಆ ಸೀಳಿದ ಗೊರಸಿನಿಂದಲೇ ಮಾವನಿಗೆ ಹುಚ್ಚು ಹಿಡಿಯಿತು ಅಂತ ನನ್ನ ನಂಬಿಕೆ. ಗೊರಸು ನಮ್ಮ ಉಗುರಿನ ಹಾಗೆ ಮೇಲಿನಿಂದ ಕೆಳಗೆ ಬೆಳೆಯುತ್ತದೆ, ತಿಂಗಳಿಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರು. ಮುಂದಿನ ತುದಿ ಪೂರ್ತಿ ಹೊಸದಾಗಲು ವರ್ಷದ ಸಮೀಪ ಬೇಕು. ಅಂದರೆ ಸೀಳು ಕೂಡಿಕೊಳ್ಳುವುದಿಲ್ಲ. ಮೇಲೆ ಹೊಸ ಗೊರಸು ಗಟ್ಟಿಯಾಗಿ ಬಂದರೆ ಸೀಳು ಕೆಳಗೆ ಇಳಿಯುತ್ತಾ ಹೋಗುತ್ತದೆ, ಕೊನೆಗೆ ನೆಲ ಮುಟ್ಟಿ ಕತ್ತರಿಸಿ ಹೋಗುತ್ತದೆ. ಹುಬ್ಬಳ್ಳಿಯಿಂದ ಆರು ವಾರಕ್ಕೊಮ್ಮೆ ನಾಲ ಬಡಿಯುವವರು ಬಂದು ಗೊರಸು ಹೆರೆದು ಹೋಗುತ್ತಿದ್ದರು. ಮೆತ್ತನೆ ಎರೆ ಮಣ್ಣಲ್ಲಿ ಓಡಾಡುವವಳಿಗೆ ನಾಲ ಬೇಡ ಅಂತ ಅವರೇ ಹೇಳಿದರು. ನಡುವಿನ ದಿನಗಳಲ್ಲಿ ಮಾವ ಕಂಪಾಸ್ ಪೆಟ್ಟಿಗೆಯ ಪಟ್ಟಿ ಹಿಡಿದು ಕೂತಿರುತ್ತಿದ್ದರು. ನೂರು ಪುಟದ ನೋಟ್‌ಬುಕ್ಕು, ಎಡಕ್ಕೆ ತಾರೀಖು, ಬಲಕ್ಕೆ ಮಿಲಿಮೀಟರು. ಜೂನ್ 4: 11. ಜೂನ್ 18: 15. ನಾನು ಫೋನ್ ಮಾಡಿದರೆ ಅಕ್ಕ ತಂಗಿ ಯಾರನ್ನೂ ಕೇಳದೆ, "ನಾಕು ಮಿಲಿ ಇಳಿದೈತಿ" ಅನ್ನುವರು. ಸಾಲಿಯಲ್ಲಿ ಒಬ್ಬ ಹುಡುಗನಿಗೆ ಭಾಗಾಕಾರ ಬಂತೋ ಇಲ್ಲವೋ ಅನ್ನುವುದು ಹತ್ತು ವರ್ಷದ ಮೇಲೂ ಗೊತ್ತಾಗುವುದಿಲ್ಲ ನೋಡಿ. ಇಲ್ಲಿ ಎರಡು ವಾರಕ್ಕೆ ನಾಲ್ಕು ಮಿಲಿಮೀಟರು, ಪಟ್ಟಿ ಹಿಡಿದರೆ ಕಾಣುತ್ತದೆ. ಮುಂದಿನ ಮಾರ್ಚಿನಲ್ಲಿ ಸೀಳಿನ ಕೊನೆಯ ಚೂರು ಹೆರೆದುಬಿದ್ದ ದಿನ ಮಾವ ಅದನ್ನು ಎತ್ತಿ ಕಾಗದದಲ್ಲಿ ಸುತ್ತಿ ನೋಟ್‌ಬುಕ್ಕಿನಲ್ಲಿ ಇಟ್ಟರು. ಈಗಲೂ ಇದೆ. ಸ್ವಲ್ಪ ನಾತ ಬರುತ್ತದೆ.

ಮೊದಲ ತಿಂಗಳು ಕೆಂಪಿ ಒಮ್ಮೆಯೂ ನೆಲಕ್ಕೆ ಮೈ ಹಾಕಲಿಲ್ಲ. ಕುದುರೆ ನಿಂತೇ ತೂಕಡಿಸುತ್ತದೆ, ಕಾಲಿನ ಕೀಲು ಗಂಟು ಬಿದ್ದಂತೆ ನಿಂತುಕೊಳ್ಳುವ ಏರ್ಪಾಡು ಅದರ ಮೈಯಲ್ಲೇ ಇದೆ. ಆದರೆ ಗಾಢ ನಿದ್ದೆಗೆ ಅದೂ ಮಲಗಲೇಬೇಕು. ಮಲಗಲು ಧೈರ್ಯ ಬೇಕು. ಹಿಂಡಿನಲ್ಲಾದರೆ ಒಂದು ಕಾವಲು ನಿಂತಿರುತ್ತದೆ, ಉಳಿದವು ಮಲಗುತ್ತವೆ. ಒಂಟಿ ಕುದುರೆಗೆ ಕಾವಲು ಯಾರು? ಇದು ಗೊತ್ತಾದ ಮೇಲೆ ಮಾವ ಒಂದು ಆಡು ತಂದರು. ಎರಡು ದಿನ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ತೋರಿಸಿ ನಿಂತರು. ಆಮೇಲೆ ಆಡು ಕೆಂಪಿಯ ಗೋದಲಿಯಲ್ಲೇ ಹತ್ತಿ ಕೂತು ಕಣಿಕೆ ತಿನ್ನತೊಡಗಿತು. ವಾರದ ನಂತರ ಒಂದು ಮಧ್ಯಾಹ್ನ ಅತ್ತೆ ಹಿತ್ತಲಿಗೆ ಹೋದವರು ಚೀರಿಕೊಂಡು ಓಡಿಬಂದರು. "ಕುದುರಿ ಸತ್ತೈತ್ರಿ!" ಹೋಗಿ ನೋಡಿದರೆ ನಾಲ್ಕೂ ಕಾಲು ಚಾಚಿ, ತುಟಿ ಸಡಿಲ ಬಿಟ್ಟು, ಬೇವಿನ ನೆರಳಲ್ಲಿ ಉದ್ದಕ್ಕೆ ಬಿದ್ದಿದ್ದಾಳೆ. ಗೊರಕೆ. ಪಕ್ಕದಲ್ಲಿ ಆಡು ಮೆಲುಕು ಹಾಕುತ್ತಾ ಕಾವಲು. ಮಾವ ಅಲ್ಲೇ ಕಟ್ಟೆ ಮೇಲೆ ಅರ್ಧ ಗಂಟೆ ಕೂತರಂತೆ, ಕೆಮ್ಮು ಬಂದರೂ ತಡಕೊಂಡು.

ನನ್ನ ಮಟ್ಟಿಗೆ ಆಟೋದವನ ಪ್ರಶ್ನೆಗೆ ಮೊದಲ ಉತ್ತರ ಇದು. ನಮಗಿಂತ ಮೂರು ಪಾಲು ದೊಡ್ಡ, ಓಡಿಹೋಗುವುದೇ ಹುಟ್ಟುಗುಣವಾದ ಒಂದು ಪ್ರಾಣಿ ನಮ್ಮ ಹಿತ್ತಲಲ್ಲಿ ಕಾಲು ಚಾಚಿ ಮಲಗುತ್ತದೆ. ಅದನ್ನು ರೊಕ್ಕ ಕೊಟ್ಟು ತರಲು ಬರುವುದಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಒಬ್ಬ ಹಿರಿಯರು ನನಗೆ ಪರಿಚಯ. ಅವರ ಅಪ್ಪ ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದರು. ಆಟೋ ಬಂದ ಮೇಲೆ ಟಾಂಗಾ ಹೋಯಿತು, ಕುದುರೆ ಉಳಿಯಿತು. ಈಗ ಅವರ ಅಂಗಳದಲ್ಲಿ ಮೂರು ಇವೆ. ಎರಡು ದುಡಿಯುತ್ತವೆ. ಮೂರನೆಯದಕ್ಕೆ ವಯಸ್ಸು ಇಪ್ಪತ್ತೈದರ ಮೇಲೆ. ಹಲ್ಲು ಸವೆದಿದೆ, ಬೂಸಾ ನೆನೆಸಿ ಗಂಜಿ ಮಾಡಿ ಕೊಡುತ್ತಾರೆ. ಮಾರಬಹುದಿತ್ತಲ್ಲ ಅಂದೆ. "ಸಾಹೇಬ್ರ, ಮುಂಜಾನೆ ಎದ್ದ ಕೂಡಲೆ ಇದು ಕೆನೀತೈತಿ. ಅದನ್ನ ಕೇಳದ ನನಗ ಚಾ ಇಳಿಯಂಗಿಲ್ಲ" ಅಂದರು. ಅವರ ಖುಷಿ ಬೇರೆಯದೂ ಇದೆ. ಸುಳಿ ನೋಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹಣೆ ಮೇಲೆ ಎಷ್ಟು ಸುಳಿ, ಕುತ್ತಿಗೆಯ ಸುಳಿ ಎತ್ತ ತಿರುಗಿದೆ, ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿರುವ ಪಂಚಕಲ್ಯಾಣಿ ಎಲ್ಲಿ ಸಿಕ್ಕಿತು, ಕಿವಿ ತುದಿ ಒಂದಕ್ಕೊಂದು ಮುತ್ತಿಕ್ಕುವ ಮಾರವಾಡಿ ಕುದುರೆಗೆ ಯಾರ ಮದುವೆಯಲ್ಲಿ ಎಷ್ಟು ಜನ ಫೋಟೋ ತೆಗೆದರು. ಸುಳಿ ಶಾಸ್ತ್ರದಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಸುಳಿ ನೋಡುವ ನೆಪದಲ್ಲಿ ಆ ಮನುಷ್ಯ ಒಂದು ಕುದುರೆಯ ಮೈಯನ್ನು ಎಷ್ಟು ಹೊತ್ತು ನೋಡುತ್ತಾರೆ ಅಂದರೆ, ಅಷ್ಟು ಹೊತ್ತು ನಾನು ಯಾವುದನ್ನೂ ನೋಡಿಲ್ಲ.

ಅವರೇ ಜಾತ್ರೆಯ ಕುದುರೆ ಗಾಡಿ ಓಟಕ್ಕೆ ಕುದುರೆ ಕೊಡುವುದಿಲ್ಲ. ಡಾಂಬರಿನ ಮೇಲೆ, ಹಿಂದೆ ಬೈಕುಗಳು ಹಾರ್ನ್ ಹೊಡೆಯುತ್ತಾ ಬರುವ ಆ ಓಟ ನನಗೂ ಸೇರುವುದಿಲ್ಲ. ಅದು ಕುದುರೆ ಪ್ರೀತಿ ಅಂತ ಹೇಳುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ, ಅಷ್ಟೇ.

ಮಾವನ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಸಿಟ್ಟಿನಲ್ಲಿದ್ದವರು ಕುದುರೆ ಹತ್ತಿರ ಹೋಗುವ ಹಾಗಿಲ್ಲ. ಸುಮ್ನೆ ಮಾವನ ಹಟ ಅಂದುಕೊಂಡಿದ್ದೆ. ಆಮೇಲೆ ಓದಿದೆ: 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ಮನುಷ್ಯರ ಫೋಟೋ ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಅವುಗಳ ಎದೆಬಡಿತ ಬೇಗ ಏರಿತು, ಆ ಫೋಟೋವನ್ನು ಅವು ಎಡಗಣ್ಣಿನಿಂದ ನೋಡಲು ಒಲವು ತೋರಿದವು. ಬರೀ ಫೋಟೋ! ಇದನ್ನು ಹೇಳಿದಾಗ ಮಾವ ಅಷ್ಟೇನೂ ಆಶ್ಚರ್ಯ ಪಡಲಿಲ್ಲ. ಅವರಿಗೆ ಜಾಸ್ತಿ ಹಿಡಿಸಿದ್ದು ಹಾನ್ಸ್‌ನ ಕಥೆ.

ಹಾನ್ಸ್ ಬರ್ಲಿನ್ನಿನ ಕುದುರೆ. ಸಾಕಿದವರು ವಿಲ್ಹೆಲ್ಮ್ ಫಾನ್ ಓಸ್ಟೆನ್, ಅವರೂ ಗಣಿತದ ಮಾಸ್ತರರೇ. ಅವರು ಆ ಕುದುರೆಗೆ ವರ್ಷಗಟ್ಟಲೆ ಕಪ್ಪು ಹಲಗೆ ಇಟ್ಟು ಲೆಕ್ಕ ಕಲಿಸಿದರು. ಐದು ಮತ್ತು ಮೂರು ಎಷ್ಟು ಅಂದರೆ ಹಾನ್ಸ್ ಗೊರಸಿನಿಂದ ನೆಲಕ್ಕೆ ಎಂಟು ಸಲ ತಟ್ಟುತ್ತಿತ್ತು. ಊರೆಲ್ಲ ನೋಡಲು ಬಂತು. 1904ರಲ್ಲಿ ಒಂದು ಸಮಿತಿಯೇ ಬಂದು ಪರೀಕ್ಷೆ ಮಾಡಿತು, ಮೋಸ ಏನೂ ಸಿಗಲಿಲ್ಲ. ಆಮೇಲೆ ಆಸ್ಕರ್ ಫುಂಗ್ಸ್ಟ್ ಅನ್ನುವ ಸಂಶೋಧಕ ಗುಟ್ಟು ಹಿಡಿದ. ಕೇಳುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಿರುತ್ತಿರಲಿಲ್ಲ. ಕೇಳುವವರು ಕಾಣದಿದ್ದರೂ ಅಷ್ಟೇ. ಸರಿ ಸಂಖ್ಯೆ ಬಂದ ತಕ್ಷಣ ಕೇಳುವವರ ತಲೆ ತಮಗೇ ಗೊತ್ತಿಲ್ಲದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. 1907ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಎರಡು ವರ್ಷಕ್ಕೆ ಮಾಸ್ತರರು ತೀರಿಕೊಂಡರು.

ಮಾವ ಕಥೆ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೆಂಪಿಯ ಜೂಲು ಬಾಚುತ್ತಿದ್ದರು. ಆಮೇಲೆ, "ಕುದುರಿಗೆ ಲೆಕ್ಕ ಬರಲಿಲ್ಲ ಅಂತ ಯಾಕ ಅಂತಾರ? ಮಾಸ್ತರನ ಮಾರಿ ಓದಾಕ ಬಂತಲ್ಲ. ಮೂವತ್ತಾರು ವರ್ಷ ನನ್ನ ಕ್ಲಾಸಿನ್ಯಾಗ ಹುಡುಗೂರು ಮಾಡಿದ್ದೂ ಅದನ್ನ. ಬೋರ್ಡಿನ ಮುಂದ ನಿಂತು ಐದು ಅನ್ನೋದು, ನನ್ನ ಮಾರಿ ನೋಡೋದು. ಆರು ಅನ್ನೋದು, ನೋಡೋದು. ನನಗ ಸಿಟ್ಟು ಬರ್ತಿತ್ತು. ಹೊಡದೇನಿ ಕೆಲವ್ರನ್ನ." ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ತೆಗೆದು ಬಿಸಾಕಿದರು. "ಈಗ ಇಕಿ ನನ್ನ ಮಾರಿ ಓದತಾಳ. ಚಲೋ ಅನಸ್ತೈತಿ."

ಬಾಚುವಾಗ ಒಂದು ಜಾಗ ಇದೆ, ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ. ಅಲ್ಲಿ ಕೆರೆದರೆ ಕೆಂಪಿಯ ಕೆಳತುಟಿ ಉದ್ದವಾಗಿ ನಡುಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆಯುವುದೂ ಅಲ್ಲೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ ಅಂತ 1993ರಲ್ಲೇ ಅಳೆದು ತೋರಿಸಿದ್ದಾರೆ. ಕೆರೆಯುವವರ ಬಿಪಿ ಇಳಿಯುತ್ತದೋ ಇಲ್ಲವೋ, ಮಾವನದು ಇಳಿದಿದೆ ಅಂತ ಅತ್ತೆ ಹೇಳುತ್ತಾರೆ. ಅತ್ತೆ ಇದನ್ನು ಹೊಗಳಿಕೆಯಾಗಿ ಹೇಳುವುದಿಲ್ಲ. "ನಾ ಮೂವತ್ತು ವರ್ಷ ಉಪ್ಪು ಕಡಿಮಿ ಹಾಕಿ ಇಳೀಲಿಲ್ಲ" ಅನ್ನುತ್ತಾರೆ.

ಅತ್ತೆಯ ಪಕ್ಷವನ್ನೂ ಹೇಳಬೇಕು. ಹುರಳಿ ನೆನೆಸುವುದು, ಬೇಯಿಸುವುದು ಅವರ ಪಾಲಿಗೆ ಬಂದಿದೆ. ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತು ಲೀಟರಿನ ಮೇಲೆ ನೀರು, ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಲ್ಲಿ. ಕಣಿಕೆಯ ರೇಟು ಕೇಳುವ ಹಾಗಿಲ್ಲ. ಧನುರ್ವಾಯು ಕುದುರೆಗೆ ಬೇಗ ತಗಲುವ ರೋಗ, ಅದರ ಇಂಜೆಕ್ಷನ್ ತಪ್ಪಿಸುವಂತಿಲ್ಲ. ಎಲ್ಲಿಗೂ ಹೋಗುವ ಹಾಗಿಲ್ಲ. "ಗೋಕಾಕ ಫಾಲ್ಸ್ ತೋರಸ್ರಿ ಅಂತ ಮದುವಿ ಆದಾಗಿಂದ ಕೇಳಾಕತ್ತೀನಿ. ಮದಲ ಸಾಲಿ ಇತ್ತು, ಈಗ ಕುದುರಿ." ಆದರೆ ಲದ್ದಿ ಮಾತ್ರ ಅತ್ತೆಯ ಸೊತ್ತು. ಕೆಂಪಿ ದಿನಕ್ಕೆ ಹತ್ತು ಹನ್ನೆರಡು ಕಿಲೋ ಹಾಕುತ್ತಾಳೆ. ಹಸಿ ಲದ್ದಿಯ ಕಾವು ಜಾಸ್ತಿ, ನೇರ ಹಾಕಿದರೆ ಗಿಡ ಸುಡುತ್ತದೆ. ಅತ್ತೆ ಅದನ್ನು ತಿಪ್ಪೆಯಲ್ಲಿ ನಾಲ್ಕೈದು ತಿಂಗಳು ಕೊಳೆಸಿ ಮೆಣಸಿನ ಗಿಡಕ್ಕೆ, ದುಂಡು ಮಲ್ಲಿಗೆಗೆ ಹಾಕುತ್ತಾರೆ. ಊರ ಹೆಂಗಸರು ಬುಟ್ಟಿ ಹಿಡಿದು ಬಂದರೆ ಅಳೆದು ಕೊಡುತ್ತಾರೆ. ಕುದುರೆ ಯಾಕೆ ಸಾಕಿದ್ದೀರಿ ಅಂತ ಅತ್ತೆಯನ್ನು ಕೇಳಿದರೆ ಮಲ್ಲಿಗೆ ತೋರಿಸುತ್ತಾರೆ.

ಊರು ಕೆಂಪಿಯನ್ನು ಒಪ್ಪಿಕೊಂಡದ್ದು ಒಂದು ಕಾರ ಹುಣ್ಣಿಮೆಯ ರಾತ್ರಿ. ಬೆಳಿಗ್ಗೆ ಎತ್ತುಗಳ ಕೋಡಿಗೆ ಬಣ್ಣ ಹಚ್ಚುತ್ತಿದ್ದ ಹುಡುಗರು ಕೆಂಪಿಗೂ ಹಚ್ಚಬೇಕು ಅಂತ ಬಂದರು. ಕೋಡೆಲ್ಲಿ? ಒಂದಿಷ್ಟು ಚರ್ಚೆ ಆಗಿ ನಾಲ್ಕು ಗೊರಸಿಗೆ ನಾಲ್ಕು ಬಣ್ಣ ಬಳಿದರು. ರಾಣೆಬೆನ್ನೂರು ಕಡೆಯಿಂದ ಮಗಳ ಮನೆಗೆ ಬಂದಿದ್ದ ಮುದುಕಿಯೊಬ್ಬರು "ಏಳು ಕೋಟಿ" ಅನ್ನುತ್ತಾ ಅವಳ ಹಣೆಗೆ ಭಂಡಾರ ಹಚ್ಚಿ ಕೈ ಮುಗಿದರು. ಅವರ ಪಾಲಿಗೆ ಅದು ಮಾಲತೇಶನ ಕುದುರೆ, ಮೇಲೆ ದೇವರು ಕೂತೇ ಇದ್ದಾನೆ, ಕಾಣುವುದಿಲ್ಲ ಅಷ್ಟೇ. ಇಷ್ಟೆಲ್ಲ ಸಂಭ್ರಮದಲ್ಲಿ ಯಾರೋ ಪ್ರೀತಿ ಉಕ್ಕಿ ಒಂದು ಪರಾತದ ತುಂಬ ಹೋಳಿಗೆ, ಕಡುಬು ತಿನ್ನಿಸಿದ್ದಾರೆ.

ರಾತ್ರಿ ಎಂಟಕ್ಕೆ ಕೆಂಪಿ ಹೊಟ್ಟೆ ಕಡೆ ತಿರುತಿರುಗಿ ನೋಡತೊಡಗಿದಳು. ನೆಲ ಕೆರೆದಳು. ಬಿದ್ದು ಹೊರಳಲು ನೋಡಿದಳು. ಕುದುರೆಗೆ ಹೊಟ್ಟೆನೋವು ಅಂದರೆ ಪ್ರಾಣದ ಪ್ರಶ್ನೆ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಮೇಲಿನಿಂದ ವಾಪಸ್ ಬರುವ ದಾರಿಯೇ ಇಲ್ಲ. ಡಾಕ್ಟರು ಬಂದಾಗ ಹನ್ನೊಂದೂವರೆ. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು, ಇಂಜೆಕ್ಷನ್ ಕೊಟ್ಟರು. ನಿಧಾನಕ್ಕೆ ನಡೆಸಿರಿ, ಹೊರಳಲು ಬಿಡಬೇಡಿ ಅಂದರು. ಮಾವ ನಡೆಸಿದರು. ಅವರ ಮೊಣಕಾಲು ಹಿಡಿದುಕೊಂಡಾಗ ನಾನು. ಆಮೇಲೆ ಕಿರಾಣಿ ಅಂಗಡಿಯವರು, ಆಮೇಲೆ ಕುದುರಿ ಮಾಸ್ತರ ಅಂತ ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದ ಗ್ರಾಮ ಪಂಚಾಯ್ತಿ ಮೆಂಬರು. ಗುಡಿಯಿಂದ ಟ್ಯಾಂಕಿನವರೆಗೆ, ಟ್ಯಾಂಕಿನಿಂದ ಗುಡಿಯವರೆಗೆ, ಬಣ್ಣದ ಗೊರಸಿನ ಕುದುರೆ ಹುಣ್ಣಿಮೆ ಬೆಳಕಲ್ಲಿ. ಹಿಂದೆ ಆಡು. ಕಟ್ಟೆ ಮೇಲೆ ಕೂತವರೆಲ್ಲ ಒಂದೇ ಒಂದು ಶಬ್ದಕ್ಕೆ ಕಾಯುತ್ತಿದ್ದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೆಂಪಿ ಬಾಲ ಎತ್ತಿದಳು. "ಹಾಕಿದಳ್ರೀ!" ಅಂತ ಮೆಂಬರು ಕೂಗಿದ್ದು ಕೇಳಿ ಮಲಗಿದ್ದವರೂ ಎದ್ದು ಬಂದರು. ಲದ್ದಿ ನೋಡಿ ಒಂದು ಊರು ಚಪ್ಪಾಳೆ ಹೊಡೆದದ್ದನ್ನು ನಾನು ಕಂಡಿದ್ದೇನೆ.

ಮರುದಿನ ಮಾವ ಹಿತ್ತಲ ಬಾಗಿಲಿಗೆ ಒಂದು ಹಲಗೆ ತೂಗುಹಾಕಿದರು. 'ಹೋಳಿಗೆ ನಮಗೆ ಕೊಡಿರಿ. ಕುದುರೆಗೆ ಬೇಡ.' ಹದಿಮೂರನೇ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಇಲ್ಲಿಯ ರಾಜರು ಸಾವಿರಗಟ್ಟಲೆ ಕುದುರೆ ತರಿಸುತ್ತಾರೆ, ಅನ್ನ ಮಾಂಸ ಬೇಯಿಸಿ ಹಾಕುತ್ತಾರೆ, ಅವು ಉಳಿಯುವುದಿಲ್ಲ ಅಂತ ಬರೆಸಿದ್ದಾನೆ. ಪ್ರೀತಿ ಜಾಸ್ತಿ ಆದರೆ ಊಟ ಹಾಕುವ ನಮ್ಮ ಚಾಳಿ ಹಳೆಯದು.

ಹೋದ ವರ್ಷ ಮಾವನಿಗೆ ಮೋತಿಬಿಂದು ಆಪರೇಶನ್ ಆಯಿತು. ಹುಬ್ಬಳ್ಳಿಯಲ್ಲಿ ನಮ್ಮ ಮನೆಯಲ್ಲೇ ಹನ್ನೆರಡು ದಿನ ಇದ್ದರು. ಬೆಳಿಗ್ಗೆ ಐದೂವರೆಗೆ ಎದ್ದು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದರು. ಏನು ಮಾಡಲೂ ಇಲ್ಲ. ಕೈಗೆ ಕೆಲಸ ಇಲ್ಲದೆ ನನ್ನ ಮಗಳ ಬೆನ್ನು ಕೆರೆದು, "ಇಲ್ಲಿ ಹಿತ ಅನಸ್ತೈತೇನ?" ಅಂತ ಕೇಳಿದರು. ಅವಳು ನಗುತ್ತಾ ಓಡಿಹೋದಳು. ದಿನಕ್ಕೆ ಎರಡು ಸಲ ಊರಿಗೆ ಫೋನು. ಅತ್ತೆ ಸ್ಪೀಕರ್ ಹಾಕಿ ಗೋದಲಿ ಹತ್ತಿರ ಹಿಡಿಯಬೇಕು. ಆ ಕಡೆಯಿಂದ ಅಗಿಯುವ ಸದ್ದು ಬರುತ್ತಿತ್ತು, ಕರಮ್ ಕರಮ್ ಅಂತ. ಮಾವ ಪೂರ್ತಿ ಎರಡು ನಿಮಿಷ ಅದನ್ನು ಕೇಳಿ, "ಹಾಂ, ಇಡು" ಅನ್ನುವರು.

ನಾನೇ ಊರಿಗೆ ಕರೆದುಕೊಂಡು ಹೋದೆ. ಕಪ್ಪು ಕನ್ನಡಕ, ಎಡಗಣ್ಣಿಗೆ ಇನ್ನೂ ಹನಿ ಹಾಕಬೇಕು. ಮಾವ ಮನೆ ಒಳಗೂ ಹೋಗದೆ ಹಿತ್ತಲಿಗೆ ನಡೆದರು. ಕುದುರೆಗೆ ಸುತ್ತಲೂ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ನೇರ ಬೆನ್ನ ಹಿಂದೆ ಬಿಟ್ಟು. ಅದಕ್ಕೆ ಮಾವ ಯಾವಾಗಲೂ ಭುಜದ ಕಡೆಯಿಂದ ಹೋಗುವವರು. ಅವತ್ತೂ ಹಾಗೇ ಹೋದರು. ಕೆಂಪಿ ತಲೆ ಎತ್ತಿ ನೋಡಿ, ಮತ್ತೆ ಕಣಿಕೆಗೆ ಬಾಯಿ ಹಾಕಿದಳು. ಹನ್ನೆರಡು ದಿನದ ಸಿಟ್ಟೋ ಏನೋ. ಮಾವ ನಿಂತೇ ಇದ್ದರು. ನಾನು ನೋಡುತ್ತಿದ್ದೇನೆ ಅನ್ನುವುದು ಅವರಿಗೆ ನಾಚಿಕೆ ಆದಂಗಿತ್ತು. ಸ್ವಲ್ಪ ಹೊತ್ತಿಗೆ ಅವಳು ಅಗಿಯುವುದನ್ನು ನಿಲ್ಲಿಸಿ, ಮೂತಿ ಚಾಚಿ, ಕನ್ನಡಕವನ್ನು ಮೂಸಿದಳು. ಕನ್ನಡಕದ ಗಾಜು ಉಸಿರಿಗೆ ಮಂಜಾಯಿತು. ಮಾವ ಅದನ್ನು ಒರೆಸಿಕೊಳ್ಳಲಿಲ್ಲ.

ಅಡಿಗೆಮನೆಯ ಕಡೆ ತಿರುಗಿ ಕೂಗಿದರು. "ಏ, ಹುರಳಿ ತೋಯಿಸೀಯೇನ?"